ಗಾಡಿಗೊಂದು ಗಂಟೆ

ನಮ್ಮ ಮನೆಯ ಪಕ್ಕದ ಗೋಡೆಗೆ ಅಂಟಿಕೊಂಡು ಒಂದು ಗ್ಯಾರೇಜಿದೆ. ಅದರ ನಾಲ್ಕನೇ ಲಿಫ್ಟಿನ ಹತ್ತಿರ ಇಪ್ಪತ್ತೇಳು ವರ್ಷಗಳಿಂದ ಒಬ್ಬರು ಕಾರುಗಳ ಪವರ್ ಸ್ಟೀರಿಂಗಿನಿಂದ ಗಾಳಿ ತೆಗೆಯುತ್ತಿದ್ದಾರೆ. ಬೇರೆ ಕೆಲಸ ಬರುವುದಿಲ್ಲ ಎಂದಲ್ಲ. ಬ್ರೇಕು, ಕ್ಲಚ್ಚು, ಎಲ್ಲದಕ್ಕೂ ಕೈ ಹಾಕಬಲ್ಲರು. ಆದರೆ ಈ ಕೆಲಸಕ್ಕೆ ಬೇಕಾದ ತಾಳ್ಮೆ ಆ ತಗಡಿನ ಸೂರಿನ ಕೆಳಗೆ ಇನ್ಯಾರಿಗೂ ಇರಲಿಲ್ಲ. ಹಾಗಾಗಿ ಅದು ಅವರ ಪಾಲಿಗೇ ಬಿತ್ತು, ಅವರು ಗಾಳಿಯಣ್ಣ ಆದರು.

ಸ್ಟೀರಿಂಗ್ ಹಗುರವಾಗಿ ತಿರುಗಬೇಕಾದರೆ ಅದರ ಕೊಳವೆಗಳಲ್ಲಿ ಎಣ್ಣೆಯ ಹೊರತು ಬೇರೇನೂ ಇರಬಾರದು. ಪಂಪು ಬದಲಿಸಿದಾಗಲೋ ಕೊಳವೆ ಬಿಚ್ಚಿದಾಗಲೋ ಒಂದಿಷ್ಟು ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಸೇರಿದ್ದು ಸುಮ್ಮನೆ ಕೂರುವುದಿಲ್ಲ. ತಿರುವಿನಲ್ಲಿ ಪಂಪು ಸೊಳ್ಳೆಯ ದನಿಯಲ್ಲಿ ಕುಂಯ್‌ಗುಡುತ್ತದೆ. ಬೆರಳಲ್ಲಿ ತಿರುಗುತ್ತಿದ್ದ ಸ್ಟೀರಿಂಗ್ ಅರೆಗಳಿಗೆ ಕಲ್ಲಾಗುತ್ತದೆ, ಮತ್ತೆ ಹಗುರಾಗುತ್ತದೆ. ಆ ಅರೆಗಳಿಗೆಯಲ್ಲಿ ಎದುರಿಗೆ ಯಾರಿದ್ದರು ಎನ್ನುವುದು ಅವರವರ ಹಣೆಬರಹ.

ಗಾಳಿಯಣ್ಣ ಮಾಡುವುದಿಷ್ಟೇ. ಮುಂದಿನ ಚಕ್ರಗಳು ನೆಲ ಬಿಡುವಂತೆ ಗಾಡಿ ಎತ್ತುವುದು. ಇಂಜಿನ್ ಮುಟ್ಟುವಂತಿಲ್ಲ. ಬಾನೆಟ್ಟಿನೊಳಗಿರುವ ಎಣ್ಣೆ ಡಬ್ಬಿಯನ್ನು ಗೆರೆಯವರೆಗೆ ತುಂಬಿ, ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಗೆ, ಬಲತುದಿಯಿಂದ ಎಡತುದಿಗೆ, ನಿಧಾನವಾಗಿ, ಇಪ್ಪತ್ತು ಸಲ, ಮೂವತ್ತು ಸಲ ತಿರುಗಿಸುವುದು. ತಿರುಗಿಸಿದಂತೆಲ್ಲ ಡಬ್ಬಿಯಲ್ಲಿ ಗುಳ್ಳೆ ಏಳುತ್ತವೆ, ಎಣ್ಣೆ ಇಳಿಯುತ್ತದೆ. ಇಳಿದಷ್ಟು ತುಂಬಿಸಿ ಮತ್ತೆ ತಿರುಗಿಸುವುದು. ಯಾರಾದರೂ ಅವಸರಪಟ್ಟು ಮೊದಲೇ ಇಂಜಿನ್ ಹಚ್ಚಿಬಿಟ್ಟರೆ ಪಂಪು ಆ ಗಾಳಿಯನ್ನೂ ಎಣ್ಣೆಯನ್ನೂ ಕಡೆದು ನೊರೆ ಮಾಡಿಡುತ್ತದೆ. ಆಮೇಲೆ ನೊರೆ ಕೂರುವವರೆಗೆ ಕೈಕಟ್ಟಿ ಕೂರಬೇಕು. ಬೇರೆ ದಾರಿಯಿಲ್ಲ.

ಹೊಸ ಗಿರಾಕಿ ಬಂದರೆ ಹುಡುಗಾಟಿಕೆಯ ಮೆಕ್ಯಾನಿಕ್ಕುಗಳು ಮುಖ ಗಂಭೀರ ಮಾಡಿಕೊಂಡು, ನಿಮ್ಮ ಗಾಡಿಗೆ ಗಾಳಿ ಸೋಕಿದೆ, ಬಿಡಿಸುವವರು ನಾಲ್ಕನೇ ಲಿಫ್ಟಿನಲ್ಲಿದ್ದಾರೆ, ಬೇವಿನ ಸೊಪ್ಪು ಬೇಡ, ಅರ್ಧ ಲೀಟರ್ ಎಣ್ಣೆ ಸಾಕು ಎನ್ನುತ್ತಿದ್ದರು. ಗಾಳಿಯಣ್ಣ ನಗುತ್ತಿರಲಿಲ್ಲ. ಬಿಟ್ಟ ಗಾಳಿ ಹೇಳಿದವರ ತಲೆಗೇ ಹೊಕ್ಕಂತಿದೆ ಎಂದು ತಿರುಗಿಸುತ್ತಲೇ ಇರುತ್ತಿದ್ದರು.

ಕೊನೆಯ ಪರೀಕ್ಷೆ ಅವರ ಕಿವಿಯದು. ಇಂಜಿನ್ ಹಚ್ಚಿಸಿ, ಮೊಳದುದ್ದದ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಅರ್ಧ ನಿಮಿಷ. ಒಳಗೆ ಒಂದು ಗುಳ್ಳೆ ಉಳಿದಿದ್ದರೂ ಹೇಳುತ್ತಿದ್ದರು. ಉಳಿದಿಲ್ಲವಾದರೆ ಮುಂದಿನ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಆಗೆಲ್ಲ ಗೆರೆ ಬಿದ್ದ ಗಾಡಿ ಮರಳಿ ಬರುತ್ತಲೇ ಇರಲಿಲ್ಲ.

ಗ್ಯಾರೇಜು ತಪ್ಪು ಮಾಡಿದ್ದು ಇಲ್ಲೇ. ಮೊದಲು ಪ್ರತಿ ಗಾಡಿಯನ್ನೂ ಬೀದಿಗಿಳಿಸಿ ಒಂದು ಸುತ್ತು ಓಡಿಸಿ ನೋಡುವ ಪದ್ಧತಿಯಿತ್ತು. ಗಾಳಿಯಣ್ಣನ ಗೆರೆ ತಪ್ಪುವುದಿಲ್ಲವಾದ್ದರಿಂದ ಆ ಸುತ್ತು ದಂಡವೆಂದು ಯಾರಿಗೋ ತೋರಿತು, ನಿಂತುಹೋಯಿತು. ಇನ್ನೊಬ್ಬರಿಗೆ ಹಾಗೆ ಕೇಳುವುದನ್ನು ಕಲಿಸಬೇಕೆಂದೂ ಯಾರಿಗೂ ಅನಿಸಲಿಲ್ಲ. ಕಿವಿ ಇದೆಯಲ್ಲ! ಒಬ್ಬ ಮನುಷ್ಯನ ಎರಡು ಕಿವಿಗಳನ್ನು ಮೀಟರು ಮಾಡಿ ಗೋಡೆಗೆ ನೇತುಹಾಕಿದ ಹಾಗಾಯಿತು. ಮೀಟರನ್ನಾದರೆ ವರ್ಷಕ್ಕೊಮ್ಮೆ ಸರಿಯಿದೆಯೇ ಎಂದು ನೋಡುತ್ತಾರೆ. ಮನುಷ್ಯನನ್ನು ಯಾರು ನೋಡುತ್ತಾರೆ?

ಕಿವಿಯಲ್ಲಿ ಏನೋ ಕೆಟ್ಟಿದೆಯೆಂದು ಮೊದಲು ಹೇಳಿದವರು ಅವರ ಹೆಂಡತಿ. ಅವರು ಮನೆಯಲ್ಲೇ ಚೀಲ, ತಲೆದಿಂಬಿನ ಗವಸು ಹೊಲಿದು ಕೊಡುತ್ತಾರೆ. ಹೊಲಿಗೆ ಮಿಷನ್ನು ಕೀಚಲು ದನಿ ತೆಗೆಯಲು ಶುರುಮಾಡಿ ವಾರವಾಗಿತ್ತು. ಎರಡು ಹನಿ ಎಣ್ಣೆ ಬಿಡಿ ಎಂದರೆ ಗಾಳಿಯಣ್ಣ, ಎಲ್ಲಿ, ಕೂಗುತ್ತಲೇ ಇಲ್ಲವಲ್ಲ ಎನ್ನುತ್ತಿದ್ದರು. ಮಿಷನ್ನಿನ ಎದುರು ಬಗ್ಗಿ ನಿಂತೇ ಹಾಗೆನ್ನುತ್ತಿದ್ದರು.

"ಊರಿನ ಕಾರೆಲ್ಲ ನರಳಿದ್ದು ಕೇಳತ್ತೆ, ಕಟ್ಟಿಕೊಂಡವಳು ನರಳಿದ್ದು ಮಾತ್ರ ಕೇಳಲ್ಲ" ಎಂದು ಹೆಂಡತಿ ಮೊದಲ ದಿನ ಚುಚ್ಚಿದರು. ಮೂರನೇ ದಿನ ಚುಚ್ಚಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಪೆಡಲು ತುಳಿದರು, ನಿಲ್ಲಿಸಿದರು, ಮತ್ತೆ ತುಳಿದರು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಅವರೇ ಎದ್ದು ಹೋಗಿ ಎಣ್ಣೆ ತಂದು ಬಿಟ್ಟುಕೊಂಡರು.

ಗಾಳಿಯಣ್ಣನಿಗೆ ಖಾತ್ರಿಯಾದದ್ದು ಲೈಬ್ರರಿ ಮೇಡಂ ಮರಳಿ ಬಂದ ದಿನ. ಊರಿನ ಇನ್ನೊಂದು ಕೊನೆಯಲ್ಲಿರುವ ಲೈಬ್ರರಿಯನ್ನು ನೋಡಿಕೊಳ್ಳುವ ಹೆಂಗಸು ಅವರು. ಆಪರೇಷನ್ ಆದಮೇಲೆ ಎಡಗೈ ಭುಜಕ್ಕಿಂತ ಮೇಲೇಳುವುದಿಲ್ಲ, ಬಲವೂ ಇಲ್ಲ. ಅಲ್ಲಿಗೆ ಬಸ್ಸಿಲ್ಲ. ಸ್ಟೀರಿಂಗ್ ಹಗುರವಾಗಿರುವವರೆಗೆ ಅವರಿಗೆ ಕೆಲಸವಿದೆ. ಅವರ ಕಾರಿಗೆ ಹೊಸ ಪಂಪು ಹಾಕಿ, ಗಾಳಿ ತೆಗೆದು, ಗೆರೆ ಎಳೆದು ಕಳಿಸಿ ನಾಲ್ಕೇ ದಿನವಾಗಿತ್ತು.

ಕುಂಯ್ ಎನ್ನುತ್ತಿದೆ ಅಣ್ಣ, ನೀವೇ ಕೂತು ಕೇಳಿ ಎಂದು ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮೇಡಂ ಅಂಗಳದಲ್ಲಿ ಸ್ಟೀರಿಂಗ್ ತಿರುಗಿಸಿದರು. ಈಗ, ಈಗ ಬಂತು ನೋಡಿ ಎಂದರು. ಗಾಳಿಯಣ್ಣನಿಗೆ ಇಂಜಿನ್ನಿನ ಗುಡುಗುಡು ಬಿಟ್ಟರೆ ಬೇರೇನೂ ಬರಲಿಲ್ಲ. ಅವರು ಮೇಡಂ ಮುಖ ನೋಡಿದರು. ಸ್ಟೀರಿಂಗ್ ತುದಿ ಮುಟ್ಟಿದಾಗಲೆಲ್ಲ ಆಕೆಯ ಹುಬ್ಬು ಗಂಟಾಗುತ್ತಿತ್ತು, ತುದಿ ಬಿಟ್ಟಾಗ ಸಡಿಲವಾಗುತ್ತಿತ್ತು. ಇಪ್ಪತ್ತೇಳು ವರ್ಷ ಕೇಳಿದ ದನಿಯನ್ನು ಅವರು ಆ ದಿನ ಇನ್ನೊಬ್ಬರ ಹುಬ್ಬಿನಲ್ಲಿ ಓದಿಕೊಂಡರು. ಹೌದು ಮೇಡಂ, ಸ್ವಲ್ಪ ಉಳಿದುಬಿಟ್ಟಿದೆ ಎಂದರು. ಉಳಿದಿತ್ತು. ಇನ್ನೊಮ್ಮೆ ತೆಗೆದು ಕಳಿಸಿದರು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎನ್ನುವ ಅಂಜಿಕೆ ಇತ್ತು, ಅದಕ್ಕಿಂತ ಮಾತಿನ ಬೆಲೆ ಹೋಗುತ್ತದೆ ಎನ್ನುವ ಅಂಜಿಕೆ ಹೆಚ್ಚಿತ್ತು. ಅದಕ್ಕೆ ಬದಲಾಗಿ ಕಿವಿಯ ಕೆಲಸವನ್ನು ಕಣ್ಣಿಗೆ ಕೊಟ್ಟರು. ಡಬ್ಬಿಯ ಬಾಯಿಗೆ ಟಾರ್ಚು ಹಿಡಿದು, ಸಾಸಿವೆ ಗಾತ್ರದ ಗುಳ್ಳೆಯೂ ಏಳದಿರುವವರೆಗೆ ತಿರುಗಿಸುವುದು. ನಿಂತಮೇಲೂ ಹತ್ತು ಸಲ. ಇಂಜಿನ್ ಹಚ್ಚಿ, ಆರಿಸಿ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ತಿಳಿಯಾಗುವವರೆಗೆ ಕಾಯುವುದು, ಮತ್ತೆ ಮೊದಲಿನಿಂದ. ಹೀಗೆ ಮಾಡಿದರೆ ಕಿವಿಯೇ ಬೇಡ. ಆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದೂವರೆ ಗಂಟೆ ಬೇಕು. ಲಿಫ್ಟು ಖಾಲಿಯಿದ್ದ ದಿನ ಮಾಡುತ್ತಿದ್ದರು. ಹಾಗೆ ತೆಗೆದ ಗಾಡಿಗೆ ಮಾತ್ರ ಧೈರ್ಯವಾಗಿ ಗೆರೆ ಎಳೆಯುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದರು.

ಅಷ್ಟರಲ್ಲಿ ಮಾಲೀಕರ ಅಳಿಯ, ಎಲ್ಲರ ಬಾಯಲ್ಲಿ ಅಳಿಯಂದಿರು, ಬಂದು ಮಾಲೀಕರ ಗಾಜಿನ ಕೋಣೆಯಲ್ಲಿ ಕೂತರು. ಎಲ್ಲ ಲಿಫ್ಟುಗಳ ಮೇಲೆ ಕೆಂಪು ಅಂಕಿಯ ಗಡಿಯಾರ ಹಾಕಿಸಿದರು, ಗೋಡೆಗೆ ಒಂದು ಬೋರ್ಡು ಹೊಡೆಸಿದರು. ಎಣ್ಣೆ ಬದಲಿಸಲು ಇಪ್ಪತ್ತು ನಿಮಿಷ, ಬ್ರೇಕಿಗೆ ಮೂವತ್ತೈದು, ಸ್ಟೀರಿಂಗ್ ಗಾಳಿಗೆ ಇಪ್ಪತ್ತೈದು. ಈ ಇಪ್ಪತ್ತೈದು ಎಲ್ಲಿಂದ ಬಂತೆಂದು ನಾನು ಬಹಳ ದಿನ ತಲೆಕೆಡಿಸಿಕೊಂಡಿದ್ದೇನೆ. ಗುಳ್ಳೆಯನ್ನು ಕೇಳಿ ಬರೆದಿರಲಾರರು. ಟಾರ್ಚು ಹಿಡಿದು ಕೂತಿದ್ದ ಗಾಳಿಯಣ್ಣನ ಬೆನ್ನ ಹಿಂದೆ ಒಂದು ದಿನ ಬಂದು ನಿಂತು, "ಅಣ್ಣ, ನೋಡ್ತಾ ಕೂತಿರೋಕೆ ಇದೇನು ಮೀನಿನ ತೊಟ್ಟಿನಾ?" ಎಂದರು. ಸುತ್ತ ಇದ್ದವರು ನಕ್ಕರು. ನಗದಿದ್ದರೆ ಅಳಿಯಂದಿರ ಕಣ್ಣು ಅವರವರ ಲಿಫ್ಟಿನ ಗಡಿಯಾರದ ಮೇಲೂ ಬೀಳುತ್ತಿತ್ತು.

ಹೆಂಡತಿ ಬಿಡಲಿಲ್ಲ. ಕೈ ಹಿಡಿದು ಎಳೆದುಕೊಂಡೇ ಕಿವಿ ಡಾಕ್ಟರ ಹತ್ತಿರ ಹೋದರು. ಅಲ್ಲೊಂದು ಗಾಜಿನ ಗೂಡು. ಒಳಗೆ ಕೂರಿಸಿ, ಕಿವಿಗೆ ಕಪ್ಪು ಬಟ್ಟಲುಗಳನ್ನು ಸಿಕ್ಕಿಸಿ, ದನಿ ಬಂದಾಗ ಗುಂಡಿ ಒತ್ತಿ ಎಂದರು. ಮೊದಮೊದಲು ಸರಿಯಾಗಿ ಒತ್ತಿದರಂತೆ. ಆಮೇಲೆ ಏನೂ ಬಾರದೆ ಹೋದಾಗ ಸುಮ್ಮನೆ ಕೂರಲು ನಾಚಿಕೆಯಾಗಿ, ಈಗ ಬಂದಿರಬಹುದು ಎಂದು ಅಂದಾಜಿನಲ್ಲಿ ಒತ್ತಲು ತೊಡಗಿದರು. ಪರೀಕ್ಷೆ ಮಾಡುವಾಕೆ ದನಿಯನ್ನೇ ಕಳಿಸದೆ ಸುಮ್ಮನಿದ್ದಾಗಲೂ ಒತ್ತಿದರು. ಗಾಜಿನಾಚೆ ನಿಂತಿದ್ದ ಹೆಂಡತಿಗೆ ಆಕೆಯ ಕೈ ಅಲುಗದಿರುವುದೂ ಕಾಣುತ್ತಿತ್ತು, ಗಂಡನ ಹೆಬ್ಬೆರಳು ಅಲುಗುವುದೂ ಕಾಣುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯತ್ತ ತಿರುಗಿದರಂತೆ. ಇದನ್ನು ನನಗೆ ಹೇಳಿದವರೂ ಅವರೇ.

ಡಾಕ್ಟರಮ್ಮ ಕಾಗದದ ಮೇಲಿನ ಗೆರೆ ತೋರಿಸಿದರು. ನೆಟ್ಟಗೆ ಬಂದು, ಒಂದು ಕಡೆ ಬಾವಿಗೆ ಬಿದ್ದಂತೆ ಇಳಿದಿತ್ತು. ಮಾತು ಕೇಳುತ್ತದೆ, ಬಾಗಿಲು ಬಡಿದರೆ ಕೇಳುತ್ತದೆ, ಸಣ್ಣ ದನಿ ಇನ್ನು ಕೇಳುವುದಿಲ್ಲ, ಹೋದದ್ದು ಬರುವುದಿಲ್ಲ, ಕಿವಿಗೆ ಮಿಷನ್ನು ಹಾಕಿಕೊಂಡರೆ ಮಾತು ಸ್ಪಷ್ಟವಾದೀತು, ಆದರೆ ನೀವು ಹೇಳುವ ಪಂಪಿನ ದನಿಗೆ ನಾನು ಮಾತು ಕೊಡಲಾರೆ ಎಂದರು. ಬಹಳ ಗದ್ದಲದಲ್ಲಿ ಕೆಲಸವೇ ಎಂದು ಕೇಳಿದರು.

"ಗದ್ದಲವೇನಿಲ್ಲ ಡಾಕ್ಟ್ರೇ. ಪಕ್ಕದಲ್ಲಿ ಗಾಳಿ ತುಂಬೋ ಕಂಪ್ರೆಸರ್ ಇದೆ, ಅಷ್ಟೇ."

"ಅಷ್ಟೇ ಅಂತೆ" ಎಂದರು ಹೆಂಡತಿ, ಡಾಕ್ಟರಿಗಲ್ಲ, ಮೇಜಿಗೆ.

ಆ ಭಾನುವಾರ ಬೆಳಿಗ್ಗೆ ಗಾಳಿಯಣ್ಣ ನಮ್ಮ ಮನೆಗೆ ಬಂದರು. ಪತ್ರಿಕೆಯಲ್ಲಿ ವಾರಕ್ಕೊಂದು ಸಲ ಸಿಟ್ಟು ಕಾರುವವನು ನಾನು. ಓದಿದ್ದು ಕಡಿಮೆ, ಕಲಿತದ್ದೆಲ್ಲ ಬೀದಿಯಲ್ಲಿ ಮತ್ತು ಹಳೆ ಪೇಪರಿನಲ್ಲಿ. ಅಕ್ಕಪಕ್ಕದವರು ಅರ್ಜಿ ಬರೆಸಿಕೊಳ್ಳಲು ಬರುವುದುಂಟು. ಅವರು ಬಂದದ್ದೂ ಅದಕ್ಕೇ. ಡಾಕ್ಟರ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡಿದ್ದರು. ಬಿಚ್ಚಿ ತೋರಿಸಿದರು. ರಜೆ ಬೇಡ, ಪರಿಹಾರ ಬೇಡ, ಬೇರೆ ಕೆಲಸವೂ ಬೇಡ. ಗಾಡಿಗೆ ಒಂದು ಗಂಟೆ ಕೊಟ್ಟರೆ ಸಾಕು. ಒಂದೂವರೆ ಬೇಕು, ಆದರೆ ಒಂದರಲ್ಲಿ ಹೇಗೋ ಹೊಂದಿಸುತ್ತೇನೆ, ಕಣ್ಣಲ್ಲೇ ನೋಡಿ ಗಾಳಿ ತೆಗೆಯುತ್ತೇನೆ. ಇಷ್ಟನ್ನು ಮಾಲೀಕರಿಗೆ ಎರಡು ಸಾಲಿನಲ್ಲಿ ಬರೆದುಕೊಡಿ ಎಂದರು.

ನನ್ನ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದೆ. ಕೇಳಬಾರದಿತ್ತು.

"ಎಂಟು ವರ್ಷದ ಹಿಂದೆ ಗ್ಯಾರೇಜಿಗೆ ಒಂದು ಕಾಗದ ಬರೆದಿದ್ರಲ್ಲ ಸಾರ್, ಕಂಪ್ರೆಸರ್ ಸದ್ದು ತಡೆಯಕ್ಕಾಗಲ್ಲ ಅಂತ. ಹದಿನೈದೇ ದಿನಕ್ಕೆ ಕೆಲಸ ಆಯ್ತು. ನಿಮ್ಮ ಕೈ ಗುಣ ಚೆನ್ನಾಗಿದೆ."

ಹೌದು, ಬರೆದಿದ್ದೆ. ಆಗ ಕಂಪ್ರೆಸರ್ ಗ್ಯಾರೇಜಿನ ಹೊರಗೆ, ನಮ್ಮ ಗೋಡೆಯ ಕಡೆ ಇತ್ತು. ಹದಿನೇಳು ಮನೆಗಳ ಸಹಿ ಹಾಕಿಸಿ, ಮಕ್ಕಳ ಓದು, ಮುದುಕರ ನಿದ್ದೆ, ಮನುಷ್ಯರಿಗೆ ಮೌನದ ಮೇಲಿರುವ ಹಕ್ಕು ಎಂದೆಲ್ಲ ಬರೆದು ಪತ್ರಿಕೆಯಲ್ಲೂ ಹಾಕಿಸಿದ್ದೆ. ಸದ್ದು ನಿಂತಿತು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ. ನಿಂತ ಸದ್ದು ಎಲ್ಲಿಗೆ ಹೋಯಿತೆಂದು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳಿದೆ.

"ನನ್ನ ಲಿಫ್ಟಿನ ಹಿಂದೆ" ಎಂದರು, ವಿಳಾಸ ಹೇಳುವವರ ಹಾಗೆ. "ಮೂರಡಿ ಆಗಬಹುದು."

ಹದಿನೇಳು ಮನೆಯವರಿಗೆ ಕಿವಿಯಿತ್ತು, ಕಿವಿಯ ಜೊತೆಗೆ ಕಾಗದ ಬರೆಯುವವನೊಬ್ಬನಿದ್ದ. ಹದಿನೆಂಟನೆಯವರು ಗೋಡೆಯಾಚೆ ನಿಂತು ಸ್ಟೀರಿಂಗ್ ತಿರುಗಿಸುತ್ತಿದ್ದರು. ಇಡೀ ಊರಿನ ಮೇಲೆ ಬೆರಳು ತೋರಿಸುವ ಈ ಕೈಗೆ ಆ ಲೆಕ್ಕ ತಪ್ಪಿತ್ತು. ಅವರಿಗೆ ಅದನ್ನು ಹೇಳಬೇಕೆಂದುಕೊಂಡೆ. ಎದ್ದು ಹೋಗಿ ಕಾಫಿ ತಂದೆ. ಅವರು ನನ್ನ ಕೈಗುಣವನ್ನು ಹೊಗಳುತ್ತ ಕಾಫಿ ಕುಡಿದರು. ಅವರಿಗೆ ಅದೂ ಇದೂ ಕೂಡಿಸಿ ನೋಡುವ ಬುದ್ಧಿಯಿಲ್ಲ ಎಂದು ನಾನು ನಂಬುವುದಿಲ್ಲ. ಕೂಡಿಸಿದ್ದರೂ ಹೇಳುವ ಮನುಷ್ಯರಲ್ಲ.

ಎರಡು ಸಾಲು ಕೇಳಿದ್ದರು. ನಾನು ಒಂದೂವರೆ ಪುಟ ಬರೆದೆ. ಕಿವಿ ಹೇಗೆ ಹೋಯಿತು, ಕಂಪ್ರೆಸರ್ ಎಲ್ಲಿದೆ, ಇಪ್ಪತ್ತೇಳು ವರ್ಷದಲ್ಲಿ ಕಿವಿಗೆ ತುರುಕಿಕೊಳ್ಳಲು ಒಂದು ಹಿಡಿ ಹತ್ತಿಯನ್ನಾದರೂ ಕೊಟ್ಟಿರಾ ಎಂದೆಲ್ಲ ಬರೆದೆ. ಓದಿ ಹೇಳಿದಾಗ ಗಾಳಿಯಣ್ಣ ಕತ್ತು ಕೆರೆದುಕೊಂಡು, ಸ್ವಲ್ಪ ಖಾರ ಹೆಚ್ಚಾಯಿತೇನೋ ಸಾರ್ ಎಂದರು. ಇರಲಿ, ಇವರಿಗೆ ಇದೇ ಸರಿ ಎಂದೆ. ಕೆಳಗೆ ಸಹಿ ಹಾಕಬೇಕಾದವರು ಅವರು. ಹಾಕಿದರು.

ಮರುದಿನ ಸಂಜೆ ಗೋಡೆಯಾಚೆಯಿಂದಲೇ ನಡೆದದ್ದನ್ನು ಹೇಳಿದರು. ಮಾಲೀಕರು ಪೂರಾ ಓದಿ, ಕನ್ನಡಕ ತೆಗೆದಿಟ್ಟು, ಇದು ನಿನ್ನ ಮಾತಲ್ಲ, ಗೋಡೆಯಾಚೆಯವರದ್ದು ಎಂದರಂತೆ. ಕಾಗದವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದರಂತೆ. ಗಾಳಿಯಣ್ಣ ಆಗ ಬಾಯಿಬಿಟ್ಟೇ ಕೇಳಿದರು, ಅದೆಲ್ಲ ಇರಲಿ ಯಜಮಾನ್ರೇ, ಗಾಡಿಗೊಂದು ಗಂಟೆ ಕೊಡಿ ಸಾಕು ಎಂದು. ಒಬ್ಬನಿಗೆ ಕೊಟ್ಟರೆ ಗೋಡೆಯ ಮೇಲಿನ ಬೋರ್ಡಿಗೆ ಬೆಲೆಯೇನು ಎಂದರು ಮಾಲೀಕರು. ಆಮೇಲೆ ದನಿ ತಗ್ಗಿಸಿದರು. ದನಿ ತಗ್ಗಿಸಿದ್ದರಿಂದ ಗಾಳಿಯಣ್ಣ ಅವರ ತುಟಿ ನೋಡಬೇಕಾಯಿತು.

"ಕಿವಿ ವಿಷಯ ಹೊರಗೆ ಯಾರಿಗಾದರೂ ಗೊತ್ತಾ?"

ಹೆಂಡತಿಗೆ, ಡಾಕ್ಟರಿಗೆ, ಕಾಗದ ಬರೆದವರಿಗೆ ಎಂದರು ಇವರು.

"ಅಲ್ಲಿಗೇ ಇರಲಿ. ನೀನು ಅಲ್ಲಿ ನಿಂತು ಸ್ಕ್ರೂಡ್ರೈವರ್ ಕಿವಿಗಿಟ್ಟುಕೋ, ಅಷ್ಟು ಸಾಕು. ಜನ ಬರೋದೇ ಅದನ್ನ ನೋಡಿ. ನಿನ್ನನ್ನ ಯಾರು ಕಳಿಸ್ತೀನಿ ಅಂದ್ರು?"

ಕೆಲಸ ಹೋಗಲಿಲ್ಲ ನೋಡಿ ಸಾರ್ ಎಂದು ಗಾಳಿಯಣ್ಣ ನನಗೆ ಸಮಾಧಾನ ಹೇಳಿದರು. ನನಗೆ! ನಾನು ಒಣಗಲು ಹಾಕಿದ್ದ ಬಟ್ಟೆ ತೆಗೆಯುತ್ತ ನಿಂತಿದ್ದೆ, ತೆಗೆದದ್ದನ್ನೇ ಮತ್ತೆ ಹಗ್ಗಕ್ಕೆ ಹಾಕಿದೆ. ಎರಡೇ ಸಾಲು ಬರೆದಿದ್ದರೆ ಗಂಟೆ ಸಿಗುತ್ತಿತ್ತೇನೋ. ಸಿಗುತ್ತಿರಲಿಲ್ಲವೇನೋ. ಇನ್ನು ತಿಳಿಯುವ ದಾರಿಯಿಲ್ಲ.

ಮುಂದಿನ ಇಪ್ಪತ್ತು ದಿನ ನಮ್ಮ ಮಹಡಿ ಕಿಟಕಿಯಿಂದ ನೋಡಿದ್ದೇನೆ. ಇಪ್ಪತ್ತೈದು ನಿಮಿಷಕ್ಕೆ ಕೆಂಪು ಅಂಕಿ ಮಿಣುಕುತ್ತದೆ. ಗಾಳಿಯಣ್ಣ ಟಾರ್ಚು ಕೆಳಗಿಟ್ಟು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ. ಪಂಪಿಗೆ ತುದಿ, ಎಲುಬಿಗೆ ಹಿಡಿ, ಮುಚ್ಚಿದ ಕಣ್ಣು. ಗಿರಾಕಿ ಕೈಕಟ್ಟಿ ಭಕ್ತಿಯಿಂದ ನಿಂತಿರುತ್ತಾನೆ. ಅರ್ಧ ನಿಮಿಷಕ್ಕೆ ಬದಲು ಒಂದು ನಿಮಿಷ ಹಿಡಿಯುತ್ತಿದ್ದರು. ಏನಾದರೂ ಬರಬಹುದೆಂದು ಕಾಯುತ್ತಿದ್ದರೋ, ಗೆರೆ ಎಳೆಯುವುದನ್ನು ಅಷ್ಟಾದರೂ ಮುಂದೆ ಹಾಕುತ್ತಿದ್ದರೋ. ಒಂದು ದಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಂತಿದ್ದರು. ದವಡೆಯಿಂದ ಹೋದೀತೇ ಎಂದು ನೋಡಿದೆ ಸಾರ್, ಅದುರುವುದು ಗೊತ್ತಾಗುತ್ತದೆ, ಸಣ್ಣ ದನಿ ಹೋಗುವುದಿಲ್ಲ ಎಂದರು. ಗೆರೆ ಎಳೆದ ಗಾಡಿಗಳಲ್ಲಿ ಎಷ್ಟರಲ್ಲಿ ಗಾಳಿ ಉಳಿದಿತ್ತೋ ಅವರಿಗೂ ಗೊತ್ತಿಲ್ಲ. ಆ ಇಪ್ಪತ್ತು ದಿನ ಅವರು ರಸ್ತೆ ದಾಟುವಾಗ ತಿರುಗುವ ಗಾಡಿಗಳ ಟೈರನ್ನೇ ನೋಡುತ್ತಿದ್ದರು ಎಂದು ಹೆಂಡತಿ ಹೇಳಿದರು.

ಇಪ್ಪತ್ತೊಂದನೇ ದಿನ ಲೈಬ್ರರಿ ಮೇಡಂ ಮೂರನೇ ಸಲ ಬಂದರು. ಹಿಂದಿನ ದಿನ ಶಾಲೆ ಬೀದಿಯ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಾಗಿ, ಒಂದೇ ಕೈಯಲ್ಲಿ ಎಳೆಯಲಾಗದೆ, ಕಾರು ಫುಟ್‌ಪಾತಿನ ಅಂಚು ಹತ್ತಿ ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಮೂರೂವರೆಗೆ ಶಾಲೆ ಬಿಡುತ್ತದೆ, ಇದು ನಡೆದದ್ದು ಮೂರಕ್ಕೆ. ಊಟದ ಹೊತ್ತಿಗೆ ಒಂದು ಗಂಟೆ ಮುಂಚೆ ಅವರು ಗಾಡಿಯನ್ನು ಆಮೆಯ ಹಾಗೆ ನಡೆಸಿಕೊಂಡು ಗ್ಯಾರೇಜಿಗೆ ತಂದರು. ಇಪ್ಪತ್ತೈದು ನಿಮಿಷ ತಿರುಗಿಸಿದ್ದಾಯಿತು. ಅಂಕಿ ಮಿಣುಕಿತು. ಇಂಜಿನ್ ಹಚ್ಚಿದ್ದಾಯಿತು.

"ಹೋಯ್ತಾ ಅಣ್ಣ? ನೀವು ಹೋಯ್ತು ಅಂದ್ರೆ ತಗೊಂಡು ಹೋಗ್ತೀನಿ" ಎಂದರು ಮೇಡಂ.

ಗಾಳಿಯಣ್ಣ ಸ್ಕ್ರೂಡ್ರೈವರ್ ಎತ್ತಿದರು. ಕಿವಿಯವರೆಗೆ ಒಯ್ಯಲಿಲ್ಲ.

"ನನಗೆ ಗೊತ್ತಾಗಲ್ಲ ಮೇಡಂ. ಆ ದನಿ ನನಗೆ ಕೇಳಿಸೋದು ನಿಂತು ಎಷ್ಟೋ ತಿಂಗಳಾಯ್ತು."

ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಮೇಲೆ ಅವರ ದನಿ ಅಂಗಳಕ್ಕೆಲ್ಲ ಕೇಳಿತು. ಹಾಗಾದರೆ ಹೋದ ಸಲ ಗೆರೆ ಎಳೆದದ್ದು ಏನು? ಅದರ ಹಿಂದಿನ ಸಲದ್ದು? ಆ ಗೆರೆ ನಂಬಿಕೊಂಡು ದಿನಾ ಮಕ್ಕಳ ಬೀದಿಯಲ್ಲಿ ಓಡಿಸಿದ್ದೇನೆ, ಗೊತ್ತೇ ನಿಮಗೆ ಎಂದು ಕೇಳಿದರು. ನಿಜ ಹೇಳಿದವನಿಗೆ ಬೆನ್ನು ತಟ್ಟುತ್ತಾರೆ ಎಂದು ನಾವು ಬರೆಯುವವರು ಬರೆದುಕೊಳ್ಳುತ್ತೇವೆ. ತಡವಾಗಿ ಬಂದ ನಿಜಕ್ಕೆ ಸಿಗುವುದು ಇದೇ, ಮತ್ತು ಮೇಡಂ ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅವರು ಉಸಿರು ಎಳೆದುಕೊಂಡಾಗ ಗಾಳಿಯಣ್ಣ ಸ್ಕ್ರೂಡ್ರೈವರನ್ನು ಅವರ ಕಡೆ ಚಾಚಿದರು. ನಿಮ್ಮ ಕಿವಿ ಚೆನ್ನಾಗಿದೆ, ನೀವು ಕೇಳಿ, ನಾನು ಹೇಳುತ್ತೇನೆ ಎಂದರು. ತುದಿ ಎಲ್ಲಿಡಬೇಕು, ಹಿಡಿ ಎಲ್ಲಿ ಆನಬೇಕು ಎಂದು ತೋರಿಸಿದರು. ಮೇಡಂ ಬಗ್ಗಿದರು.

"ಗುಂಯ್ ಅಂತಿದೆ."

"ಅದು ಪಂಪು. ಅದರ ಮೇಲೆ ಸಣ್ಣಕೆ ಏನಾದರೂ ಇದೆಯಾ? ಸೊಳ್ಳೆ ಥರ?"

ಮೇಡಂ ಬಹಳ ಹೊತ್ತು ಕೇಳಿದರು. "ಇದೆ ಅನ್ನಿಸತ್ತೆ. ನೀವು ಕೇಳ್ತಿದೀರಿ ಅಂತ ಇದೆ ಅನ್ನಿಸತ್ತೋ ಏನೋ. ಚೆನ್ನಾಗಿರೋ ಪಂಪು ಹೇಗೆ ಕೂಗತ್ತೆ ಅಂತ ನನಗೇನು ಗೊತ್ತು?"

ಒಬ್ಬರಿಗೆ ಕಿವಿಯಿತ್ತು, ಇನ್ನೊಬ್ಬರಿಗೆ ಅರಿವಿತ್ತು, ನಡುವೆ ಮೊಳದುದ್ದದ ಕಬ್ಬಿಣ. ಕೊನೆಗೆ ಗಾಳಿಯಣ್ಣ, ಇನ್ನೊಂದು ಗಂಟೆ ಕೊಟ್ಟರೆ ಕಣ್ಣಿಗೆ ಕಾಣುವಂತೆ ತೆಗೆಯುತ್ತೇನೆ ಎಂದರು. ಮೇಡಂ ಲೈಬ್ರರಿಗೆ ಫೋನು ಮಾಡಿ, ಕಾಯುತ್ತೇನೆ ಎಂದರು. ಸಿಟ್ಟು ಇಳಿದಿರಲಿಲ್ಲ. ಕಾಯದೆ ಬೇರೆ ಗತಿ ಇರಲಿಲ್ಲ.

ಗಿರಾಕಿ ಗಂಟೆ ಕೊಟ್ಟರು, ಲಿಫ್ಟು ಕೊಡಬೇಕಲ್ಲ. ಅಳಿಯಂದಿರು ಬೋರ್ಡಿನ ಕಡೆ ಕೈ ತೋರಿಸಿದರು, ಸಾಲಿನಲ್ಲಿದ್ದ ಮುಂದಿನ ಗಾಡಿಯ ಕಡೆ ಕೈ ತೋರಿಸಿದರು. ಲಿಫ್ಟು ಇಳಿಯಿತು. ಗಾಳಿಯಣ್ಣನೂ ಇನ್ನಿಬ್ಬರೂ ಸೇರಿ ಕಾರನ್ನು ತಳ್ಳಿ ನಮ್ಮ ಗೇಟಿನ ಮುಂದೆ ಬೀದಿಯಲ್ಲಿ ನಿಲ್ಲಿಸಿದರು. ಊಟದ ಹೊತ್ತಾಗಿತ್ತು, ಆ ಅರ್ಧ ಗಂಟೆ ಗಾಳಿಯಣ್ಣನ ಸ್ವಂತದ್ದು. ಜಾಕು ತಂದು ಮುಂಭಾಗ ಎತ್ತಿ, ಎರಡು ಕಡೆ ಸ್ಟ್ಯಾಂಡು ಕೊಟ್ಟು, ಬಾನೆಟ್ಟು ತೆರೆದರು. ಮೇಡಂ ಸೀಟಿನಲ್ಲಿ ಕೂತು ತಿರುಗಿಸಿದರು, ಗಾಳಿಯಣ್ಣ ಟಾರ್ಚು ಹಿಡಿದರು. ಎಣ್ಣೆಯ ತುಂಬ ನೊರೆ. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಅದು ಕೂರಲಿಕ್ಕೇ ಹೋಯಿತು. ನಾನು ಗೇಟಿಗೆ ಬಂದೆ. ಎರಡು ಲೋಟ ನೀರು ತಂದುಕೊಟ್ಟೆ, ಅಷ್ಟು ಬಿಟ್ಟರೆ ಮಾಡುವುದೇನೂ ಕಾಣಲಿಲ್ಲ.

ಅಳಿಯಂದಿರು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತರು.

"ಅಣ್ಣ, ಮಾವ ಕರೀತಿದ್ದಾರೆ. ಸ್ಕ್ರೂಡ್ರೈವರ್ ತಗೊಂಡು ಬರಬೇಕಂತೆ."

ಅಂಗಳದಲ್ಲಿದ್ದ ಗಿರಾಕಿಗಳೆಲ್ಲ ಮೇಡಂ ಮಾತು ಕೇಳಿದ್ದರು. ಇನ್ನು ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡು ನಿಲ್ಲಲು ಬೇರೆ ಯಾರನ್ನೋ ಗೊತ್ತುಮಾಡಿದ್ದಾರೆಂದು ಅಲ್ಲಿದ್ದ ಮೂವರಿಗೂ ತಿಳಿಯಿತು. ಹೊಸಬನಿಗೆ ಅರ್ಧ ನಿಮಿಷ ಕಣ್ಣು ಮುಚ್ಚುವುದನ್ನು ಕಲಿಸಿದರೆ ಮುಗಿಯಿತು. ಗಾಳಿಯಣ್ಣ ಕೈ ಒರೆಸಿಕೊಂಡರು. ಒರೆಸಿಕೊಂಡ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡರು. ಟಾರ್ಚನ್ನು ನನ್ನ ಕೈಗೆ ಕೊಟ್ಟರು.

"ಸಾರ್, ಸ್ವಲ್ಪ ನೋಡ್ಕೊಳ್ಳಿ. ಎಣ್ಣೆ ಗೆರೆಗಿಂತ ಇಳಿದರೆ ಹಾಕಿ. ಗುಳ್ಳೆ ನಿಂತ ಮೇಲೂ ಹತ್ತು ಸಲ ತಿರುಗಿಸಿ. ಇಂಜಿನ್ ಮಾತ್ರ ಮುಟ್ಟಬೇಡಿ, ನಾನು ಬರೋವರೆಗೆ."

ಅವರು ಹೋದರು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಮೇಡಂ ಬಲಗೈಯಲ್ಲಿ ತುದಿಯವರೆಗೆ ಎಳೆಯುತ್ತಾರೆ, ಕೈ ಸೋತಾಗ ಎಡಗೈಯನ್ನು ಸ್ಟೀರಿಂಗಿನ ಕೆಳಗಿನ ಭಾಗಕ್ಕೆ ಸಿಕ್ಕಿಸಿ ಮೈಭಾರ ಹಾಕಿ ದೂಡುತ್ತಾರೆ. ನಾನು ಡಬ್ಬಿಯ ಮೇಲೆ ಬಗ್ಗಿ ನಿಂತಿದ್ದೇನೆ. ಕೆಂಪು ಎಣ್ಣೆ. ಒಂದು ಮೂಲೆಯಿಂದ ಗುಳ್ಳೆ ಏಳುತ್ತವೆ, ಒಡೆಯುತ್ತವೆ, ನಿಂತವು ಎನ್ನುವಷ್ಟರಲ್ಲಿ ಇನ್ನೆರಡು ಏಳುತ್ತವೆ. ಇವು ಮುಗಿಯುವ ಗುಳ್ಳೆಗಳೋ ಮುಗಿಯದವೋ ಎಂದು ಹೇಳಬಲ್ಲವರು ಮಾಲೀಕರ ಗಾಜಿನ ಕೋಣೆಯಲ್ಲಿದ್ದಾರೆ.

"ನಿಂತ್ವಾ?" ಎಂದರು ಮೇಡಂ.

"ಇಲ್ಲ, ಇನ್ನೂ ಬರ್ತಿವೆ."

"ಇನ್ನೆಷ್ಟು ಸಲ?"

ಗೊತ್ತಿಲ್ಲ ಎಂದೆ. ಅವರು ಕೈಯನ್ನು ಒಮ್ಮೆ ಕೊಡವಿಕೊಂಡು ಸ್ಟೀರಿಂಗನ್ನು ಮತ್ತೆ ಎಡಕ್ಕೆ ಎಳೆದರು.